ಹಿಮ ನಿಲ್ಲುವ ದಿನಗಳ ಲೆಕ್ಕ

ಏಪ್ರಿಲ್ ತಿಂಗಳ ಒಂದು ಸಂಜೆ, ಶನಿವಾರಸಂತೆಯ ಕಡೆಯ ತೋಟವೊಂದರಲ್ಲಿ ಇಪ್ಪತ್ತು ನಿಮಿಷ ಆಲಿಕಲ್ಲು ಸುರಿಯಿತು. ಕಣದಲ್ಲಿ ಹರಡಿದ್ದ ಕರಿಮೆಣಸಿನ ಮೇಲೆ ಟಾರ್ಪಾಲು ಎಳೆಯುವಷ್ಟರಲ್ಲಿ ನೆಲವೆಲ್ಲ ಬೆಳ್ಳಗಾಗಿತ್ತು. ಮಳೆ ನಿಂತ ಮೇಲೆ ಆ ಬಿಳುಪು ಯಾವ ಕ್ರಮದಲ್ಲಿ ಮಾಯವಾಗುತ್ತದೆಂದು ನೋಡುತ್ತ ನಿಂತೆ. ಹಗಲೆಲ್ಲ ಕಾದಿದ್ದ ಸಿಮೆಂಟು ಕಣದ ಮೇಲಿನದು ಹತ್ತೇ ನಿಮಿಷದಲ್ಲಿ ನೀರಾಗಿ ಹರಿದುಹೋಯಿತು. ಕಾಫಿ ಗಿಡಗಳ ಬುಡದ ತರಗೆಲೆಯ ಮೇಲೆ ಬಿದ್ದದ್ದು ಕತ್ತಲಾಗುವವರೆಗೂ ಉಳಿದಿತ್ತು. ಹೆಂಚಿನ ಮೇಲಿಂದ ಜಾರಿ ಮನೆಯ ಹಿಂಬದಿಯ ಚರಂಡಿಯಲ್ಲಿ ಅಡಿಯೆತ್ತರಕ್ಕೆ ರಾಶಿಯಾಗಿ, ಮೇಲೆ ಗಾಳಿಗೆ ಉದುರಿದ ಸಿಲ್ವರ್ ಓಕ್ ಎಲೆಗಳನ್ನು ಹೊದ್ದುಕೊಂಡಿದ್ದ ಗುಡ್ಡೆಯಂತೂ ಮರುದಿನ ಬೆಳಗಿನ ಕಾಫಿಯ ಹೊತ್ತಿಗೂ ಪೂರ್ತಿ ಕರಗಿರಲಿಲ್ಲ. ಅದರ ಅಡಿಯಿಂದ ನೂಲಿನಷ್ಟು ಸಣ್ಣಗೆ ನೀರು ರಾತ್ರಿಯಿಡೀ ಜಿನುಗಿ ಚರಂಡಿಯ ಮಣ್ಣನ್ನು ಒದ್ದೆಯಾಗಿಟ್ಟಿತ್ತು. ಒಂದೇ ಮೋಡದಿಂದ ಒಂದೇ ಹೊತ್ತಿನಲ್ಲಿ ಬಿದ್ದ ಮಂಜುಗಡ್ಡೆಗೆ ಮೂರು ಜಾಗದಲ್ಲಿ ಮೂರು ಬಗೆಯ ಆಯುಸ್ಸು ಸಿಕ್ಕಿತ್ತು.

ಹಿಮಾಲಯದ ಹಿಮಹೊದಿಕೆಯ ಬಗ್ಗೆ ಈಚಿನ ವರ್ಷಗಳಲ್ಲಿ ಬರುತ್ತಿರುವ ಸುದ್ದಿಗಳನ್ನು ಓದುವಾಗಲೆಲ್ಲ ನನಗೆ ಆ ಚರಂಡಿಯ ಗುಡ್ಡೆ ನೆನಪಾಗುತ್ತದೆ. ಕಠ್ಮಂಡುವಿನಲ್ಲಿರುವ ಅಂತರರಾಷ್ಟ್ರೀಯ ಸಮಗ್ರ ಪರ್ವತ ಅಭಿವೃದ್ಧಿ ಕೇಂದ್ರವು, ಅಂದರೆ ಐಸಿಮೋಡ್, ಪ್ರತಿವರ್ಷ ಹಿಂದೂಕುಶ್ ಹಿಮಾಲಯದ ಹಿಮದ ಸ್ಥಿತಿಯ ವರದಿ ಹೊರತರುತ್ತದೆ. 2024ರ ಚಳಿಗಾಲದಲ್ಲಿ ಅಲ್ಲಿ ನೆಲದ ಮೇಲೆ ಹಿಮ ಉಳಿದ ಅವಧಿ ವಾಡಿಕೆಗಿಂತ ಶೇ 18.5ರಷ್ಟು ಕಡಿಮೆಯಿತ್ತು, 2025ರಲ್ಲಿ ಕೊರತೆ ಶೇ 23.6ಕ್ಕೆ ಏರಿ, 23 ವರ್ಷಗಳ ದಾಖಲೆಯಲ್ಲೇ ಅತಿ ಕಡಿಮೆ ಎನಿಸಿತು. ಸತತ ಮೂರನೆಯ ವರ್ಷ ವಾಡಿಕೆಗಿಂತ ಕೆಳಗೆ. ಈ ಅಂಕಿಗಳು ನಮ್ಮ ಪತ್ರಿಕೆಗಳಲ್ಲಿ ‘ಹಿಮಾಲಯದಲ್ಲಿ ಹಿಮ ಕುಸಿತ’ ಎಂಬ ಎರಡು ಕಾಲಂ ಸುದ್ದಿಯಾಗಿ ಬಂದು ಹೋದವು. ಓದಿದವರಲ್ಲಿ ಅನೇಕರು ಹಿಮ ಕಡಿಮೆ ಬಿತ್ತು ಎಂದು ಅರ್ಥ ಮಾಡಿಕೊಂಡರು. ವರದಿ ಅಳೆದದ್ದು ಎಷ್ಟು ಬಿತ್ತು ಎಂಬುದನ್ನಲ್ಲ. ಬಿದ್ದದ್ದು ನವೆಂಬರ್‌ನಿಂದ ಮಾರ್ಚ್‌ವರೆಗಿನ ದಿನಗಳಲ್ಲಿ ಎಷ್ಟು ಪಾಲು ದಿನ ನೆಲದ ಮೇಲೆ ನಿಂತಿತ್ತು ಎಂಬುದನ್ನು. ಕಣ, ಗಿಡದ ಬುಡ, ಚರಂಡಿ ಈ ಮೂರರ ನಡುವಿನ ವ್ಯತ್ಯಾಸವೇ ಈ ವರದಿಯ ವಿಷಯ.

ಕೊಡಗಿನಲ್ಲಿ ಕುಳಿತು ಇದನ್ನು ಯಾಕೆ ಓದಬೇಕು ಎಂಬ ಪ್ರಶ್ನೆ ಸಹಜ. ನಮ್ಮ ಜಿಲ್ಲೆಗೆ ‘ದಕ್ಷಿಣದ ಕಾಶ್ಮೀರ’ ಎಂಬ ಬಿರುದನ್ನು ಪ್ರವಾಸೋದ್ಯಮದವರು ಕೊಟ್ಟು ಬಹಳ ಕಾಲವಾಯಿತಾದರೂ ಇಲ್ಲಿ ಹಿಮ ಬೀಳುವುದಿಲ್ಲ, ಬೀಳುವ ಹಾಗೂ ಇಲ್ಲ. ನಮ್ಮ ಅಕ್ಷಾಂಶದಲ್ಲಿ ಗಾಳಿಯ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯಬೇಕಾದರೆ ಹೆಚ್ಚುಕಡಿಮೆ 5 ಕಿಲೋಮೀಟರ್ ಮೇಲೆ ಹೋಗಬೇಕು. ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ ಇರುವುದು 1,748 ಮೀಟರ್ ಎತ್ತರದಲ್ಲಿ. ಆಗಾಗ ವಾಟ್ಸಾಪಿನಲ್ಲಿ ಬರುವ ‘ಮಡಿಕೇರಿಯಲ್ಲಿ ಹಿಮ’ದ ಚಿತ್ರಗಳು ಒಂದೋ ಆಲಿಕಲ್ಲಿನವು, ಇಲ್ಲವೇ ಮಂಜು ಮುಸುಕಿದ ರಾಜಾಸೀಟಿನವು. ಆದರೂ ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ಒಂದು ವಾಕ್ಯವಿದೆ: ಉತ್ತರದ ನದಿಗಳು ಹಿಮದಿಂದ ಹುಟ್ಟುವುದರಿಂದ ವರ್ಷವಿಡೀ ತುಂಬಿ ಹರಿಯುತ್ತವೆ, ದಕ್ಷಿಣದ ನದಿಗಳು ಮಳೆಯನ್ನೇ ನಂಬಿರುವುದರಿಂದ ಬೇಸಿಗೆಯಲ್ಲಿ ಸೊರಗುತ್ತವೆ. ಗಂಗೆಯಲ್ಲಿ ಮುಗಿಯದಷ್ಟು ನೀರಿದೆ, ಅದನ್ನು ಕಾವೇರಿಗೆ ತಂದು ಸೇರಿಸಬಾರದೇಕೆ ಎಂಬ ಮಾತು ಪ್ರತಿ ಬರಗಾಲದಲ್ಲೂ ಕೇಳಿಬರುವುದಕ್ಕೆ ಈ ವಾಕ್ಯವೂ ಒಂದು ಕಾರಣ. ಹಿಮವನ್ನು ಅಕ್ಷಯಪಾತ್ರೆ ಎಂದು ಭಾವಿಸಿದ ವಾಕ್ಯವದು. ಹಿಮ ಹೊಸ ನೀರನ್ನೇನೂ ಹುಟ್ಟಿಸುವುದಿಲ್ಲ. ಡಿಸೆಂಬರ್‌ನಲ್ಲಿ ಬಿದ್ದ ನೀರನ್ನು ಹಿಡಿದಿಟ್ಟುಕೊಂಡು ಮೇ ತಿಂಗಳಲ್ಲಿ ಬಿಡುತ್ತದೆ. ಆ ಐದು ತಿಂಗಳ ತಡವೇ ಹಿಮದ ಒಟ್ಟು ಉಪಕಾರ, ಮತ್ತು ಈಗ ಕಿರಿದಾಗುತ್ತಿರುವುದು ಆ ತಡವೇ.

ಹಿಮ ಕೂಡಿಕೊಳ್ಳುವ ಬಗೆಯಿಂದ ಶುರುಮಾಡಬಹುದು. ಪಶ್ಚಿಮ ಹಿಮಾಲಯದ ಚಳಿಗಾಲದ ಹಿಮ ನಮ್ಮ ಮುಂಗಾರಿನಿಂದ ಬರುವುದಲ್ಲ. ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ ಗಾಳಿಯ ಸುಳಿಗಳು, ಹವಾಮಾನ ಇಲಾಖೆಯ ಭಾಷೆಯಲ್ಲಿ ಪಶ್ಚಿಮದ ಕ್ಷೋಭೆಗಳು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದರ ಹಿಂದೊಂದರಂತೆ ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡಗಳ ಬೆಟ್ಟಗಳಿಗೆ ಬಡಿಯುತ್ತವೆ. ಬೆಟ್ಟ ಏರುವ ಗಾಳಿ ತಣಿದು ತೇವ ಕಳೆದುಕೊಳ್ಳುವ ರೀತಿ ನಮಗೆ ಹೊಸದಲ್ಲ. ಅರಬ್ಬಿ ಸಮುದ್ರದ ಗಾಳಿ ಭಾಗಮಂಡಲದ ಬೆಟ್ಟಗಳಿಗೆ ಬಡಿದು ಸುರಿಯುವುದೂ, ಅದೇ ಗಾಳಿ ಕುಶಾಲನಗರಕ್ಕೆ ಬರುವಾಗ ಬರಿದಾಗಿರುವುದೂ ಇದೇ ಕ್ರಮದಿಂದ. ಲಡಾಖ್ ಎಂಬುದು ಹಿಮಾಲಯದ ಕುಶಾಲನಗರ ಎಂದುಕೊಳ್ಳಬಹುದು, ಅದಕ್ಕಿಂತ ಎಷ್ಟೋ ಪಾಲು ಒಣಗಿದ್ದು. ಇನ್ನು ಎತ್ತರದ ಲೆಕ್ಕ: ಪ್ರತಿ ಒಂದು ಕಿಲೋಮೀಟರ್ ಮೇಲೇರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಅಂದರೆ ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಮಳೆ ಮತ್ತು ಹಿಮದ ನಡುವಿನ ಗಡಿ ಸುಮಾರು 150 ಮೀಟರ್ ಮೇಲಕ್ಕೆ ಸರಿಯುತ್ತದೆ. ಕಡಿದಾದ ಗೋಡೆಯಂಥ ಬೆಟ್ಟದಲ್ಲಿ ಅದು ದೊಡ್ಡ ಜಾಗವಲ್ಲ. ನಿಧಾನವಾಗಿ ಏರುವ ವಿಶಾಲವಾದ ಕಣಿವೆಗಳಲ್ಲಿ ಅಷ್ಟೇ ಏರಿಕೆಗೆ ಎಷ್ಟೋ ಚದರ ಕಿಲೋಮೀಟರ್ ನೆಲ ಹಿಮದ ಪಾಲಿನಿಂದ ಮಳೆಯ ಪಾಲಿಗೆ ಹೋಗುತ್ತದೆ.

ಕಾಶ್ಮೀರದವರು ಡಿಸೆಂಬರ್ 21ರಿಂದ ನಲವತ್ತು ದಿನಗಳನ್ನು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಅದು ಮುಗಿದ ಮೇಲೆ ಇಪ್ಪತ್ತು ದಿನಗಳ ಚಿಲ್ಲೈ ಖುರ್ದ್, ಆಮೇಲೆ ಹತ್ತು ದಿನಗಳ ಚಿಲ್ಲೈ ಬಚ್ಚಾ. ಈ ಮೊದಲ ನಲವತ್ತು ದಿನಗಳಲ್ಲಿ ಬಿದ್ದ ಹಿಮಕ್ಕೇ ಅಲ್ಲಿ ಬೆಲೆ. ನೆಲ ಮತ್ತು ಗಾಳಿ ಎರಡೂ ಕೊರೆಯುತ್ತಿರುವಾಗ ಕೂತ ಹಿಮ ಗಟ್ಟಿಯಾಗಿ ಬೇಸಿಗೆಯವರೆಗೆ ಬಾಳುತ್ತದೆ, ಫೆಬ್ರುವರಿಯ ಕೊನೆಗೆ ಬೀಳುವ ಹಿಮ ವಾರದಲ್ಲಿ ಹರಿದುಹೋಗುತ್ತದೆ. ನಮ್ಮಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳ ಮಳೆಗೆ ಇರುವ ಸ್ಥಾನ ಹೆಚ್ಚುಕಡಿಮೆ ಇದೇ. ಮೇ ತಿಂಗಳ ಗುಡುಗುಮಳೆಯ ನೀರು ಒಣಗಿದ ನೆಲದ ಮೇಲಿನ ಪದರದಲ್ಲೇ ಮುಗಿಯುತ್ತದೆ. ಕಕ್ಕಡದಲ್ಲಿ ಬಿಡದೆ ಹಿಡಿದ ಮಳೆಯೇ ಒಳಗಿಳಿದು ಒರತೆಗಳನ್ನು ತುಂಬಿಸುತ್ತದೆ. ಎರಡೂ ಕಡೆಯ ಹಳಬರು ವರ್ಷದ ಒಟ್ಟು ಮೊತ್ತಕ್ಕಿಂತ ಅದು ಯಾವ ಪಕ್ಷದಲ್ಲಿ ಬಿತ್ತು ಎಂದು ಕೇಳುವವರು. 2024ರ ಜನವರಿಯಲ್ಲಿ, ಚಿಲ್ಲೈ ಕಲಾನಿನ ನಡುಮಧ್ಯದಲ್ಲೇ ಗುಲ್ಮಾರ್ಗ್ ಬೋಳಾಗಿ ಕಂದುಬಣ್ಣದ ಹುಲ್ಲು ತೋರಿಸುತ್ತ ನಿಂತಿದ್ದ ಚಿತ್ರಗಳು ದೇಶವಿಡೀ ಹರಿದಾಡಿದವು. 2025ರ ಫೆಬ್ರುವರಿಯಲ್ಲಿ ಹಿಮವಿಲ್ಲದೆ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮುಂದೂಡಬೇಕಾಯಿತು. ಹಿಮ ತಡವಾಗಿ ಬಂದಿರಬಹುದು. ಬಂದ ಹೊತ್ತು ತಪ್ಪಿದ ಮೇಲೆ ಮೊತ್ತ ಸರಿಹೋದರೂ ಲೆಕ್ಕ ಸರಿಹೋಗುವುದಿಲ್ಲ.

ಆ ಮೊತ್ತವನ್ನು ಅಳೆಯುವುದರಲ್ಲೂ ಒಂದು ತೊಡಕಿದೆ. ಕೊಡಗಿನ ಕಾಫಿ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದಿಡುತ್ತಾರೆ. ಬೆಳಗ್ಗೆ ಮಾಪಕದ ನೀರನ್ನು ಸುರಿದು ನೋಡಿ ‘ಒಂದು ಇಂಚು ನಲವತ್ತು ಸೆಂಟು’ ಎಂದು ಪುಸ್ತಕದಲ್ಲಿ ಗುರುತು ಹಾಕಿದರೆ ಆ ದಿನದ ಲೆಕ್ಕ ಮುಗಿಯಿತು. ಹಿಮಕ್ಕೆ ಇಂಥ ಸುಲಭದ ಅಳತೆ ಇಲ್ಲ. ಒಂದು ಮೀಟರ್ ದಪ್ಪ ಹಿಮ ಬಿದ್ದಿದೆ ಎಂದರೆ ಅದರೊಳಗೆ ಎಷ್ಟು ನೀರಿದೆ ಎಂಬುದು ಹಿಮದ ವಯಸ್ಸನ್ನು ಅವಲಂಬಿಸಿದೆ. ಹೊಸದಾಗಿ ಬಿದ್ದ ಒಣಹಿಮ ಅರಳಿದ ಹತ್ತಿಯಂತೆ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ಹತ್ತು ಇಂಚು ಹೊಸ ಹಿಮ ಕರಗಿಸಿದರೆ ಸುಮಾರು ಒಂದು ಇಂಚು ನೀರು. ಕಕ್ಕಡದ ಒಂದು ಜೋರು ದಿನ ನಾಲ್ಕು ಇಂಚು ಮಳೆ ಬಂದರೆ, ಅದು ಹಿಮದ ನಾಡಿನಲ್ಲಿ ಒಂದೇ ದಿನ ಮೀಟರ್ ದಪ್ಪ ಹಿಮ ಬಿದ್ದುದಕ್ಕೆ ಸಮ. ದಿನ ಕಳೆದಂತೆ ಹರಳುಗಳ ಚೂಪು ಮುರಿಯುತ್ತದೆ, ಕಣಗಳು ದುಂಡಗಾಗುತ್ತವೆ, ಮೇಲಿನ ಭಾರಕ್ಕೆ ಕೆಳಗಿನದು ಕುಗ್ಗುತ್ತದೆ. ಮಾರ್ಚ್ ಕೊನೆಯ ಹೊತ್ತಿಗೆ ಒಂದು ಮೀಟರ್ ದಪ್ಪದ ಹಳೆಯ ಹಿಮದಲ್ಲಿ ಮೂವತ್ತರಿಂದ ನಲವತ್ತು ಸೆಂಟಿಮೀಟರ್ ನೀರಿರಬಹುದು. ದಪ್ಪ ಕಡಿಮೆಯಾಯಿತೆಂದು ನೀರು ಕಡಿಮೆಯಾಯಿತು ಎನ್ನುವಂತಿಲ್ಲ, ದಪ್ಪ ಹೆಚ್ಚಿದೆಯೆಂದು ನೀರು ಹೆಚ್ಚಿದೆ ಎಂದೂ ಹೇಳುವಂತಿಲ್ಲ.

ಹಿಮದ ತೂಕ ಎಂದರೆ ಏನೆಂದು ಕನ್ನಡಿಗರಿಗೆ ಮನದಟ್ಟಾದದ್ದು 2016ರ ಫೆಬ್ರುವರಿಯಲ್ಲಿ. ಸಿಯಾಚಿನ್‌ನ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಹತ್ತು ಯೋಧರು ಹುದುಗಿಹೋದಾಗ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿ, ದೆಹಲಿಯ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ತೀರಿಕೊಂಡರು. ಆ ದಿನಗಳಲ್ಲಿ ಕೊಡಗಿನ ಎಷ್ಟೋ ಮನೆಗಳಲ್ಲಿ ಟಿವಿ ಆರಲಿಲ್ಲ. ಮನೆಗೊಬ್ಬರು ಸೈನ್ಯದಲ್ಲಿದ್ದ ಜಿಲ್ಲೆಗೆ ಅದು ಬರಿಯ ಸುದ್ದಿಯಾಗಿರಲಿಲ್ಲ. ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ, ಬಿದ್ದ ಹಿಮ ಬೆಟ್ಟದಿಂದ ಜಾರಿ ಕುಸಿಯುವುದಕ್ಕೂ ‘ಹಿಮಪಾತ’ ಎಂಬ ಒಂದೇ ಪದ ಬಳಸುವ ಅಭ್ಯಾಸ ಸರಿಯಲ್ಲ ಎಂದು ನನಗೆ ಅನ್ನಿಸಿದ್ದು ಆಗಲೇ. ಮೊದಲನೆಯದು ಜಮೆ, ಎರಡನೆಯದು ಆ ಜಮೆಯ ಒಂದು ಪದರ ಇನ್ನೊಂದನ್ನು ಹಿಡಿದಿಟ್ಟುಕೊಳ್ಳಲಾರದೆ ಸೋತದ್ದು.

ಬಿದ್ದ ಹಿಮ ಬಾಳುವುದು ಹೇಗೆ ಎಂಬುದೇ ಈ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ 80ರಿಂದ 90ರಷ್ಟನ್ನು ಹಿಂದಕ್ಕೆ ಹೊಡೆಯುತ್ತದೆ. ತಾನು ಬಿಳಿಯಾಗಿರುವುದರಿಂದಲೇ ಅದು ಉಳಿಯುತ್ತದೆ. ಅದರ ಮೇಲೆ ಥಾರ್ ಮರುಭೂಮಿಯ ಧೂಳೋ, ಒಲೆ, ಡೀಸೆಲ್ ಮತ್ತು ಕೂಳೆ ಸುಟ್ಟ ಹೊಗೆಯ ಮಸಿಯೋ ಕೂತಿತೆನ್ನಿ. ಮರಳಿಸುವ ಪಾಲು ಶೇ 85ರಿಂದ 55ಕ್ಕೆ ಇಳಿದರೆ ಕಣ್ಣಿಗೆ ಅದು ಸ್ವಲ್ಪ ಮಾಸಿದ ಬಟ್ಟೆಯಂತೆ ಕಾಣಬಹುದು. ಆದರೆ ಹಿಮ ಹೀರಿಕೊಳ್ಳುವ ಬಿಸಿಲು ಶೇ 15ರಿಂದ 45ಕ್ಕೆ, ಅಂದರೆ ಮೂರು ಪಟ್ಟಿಗೆ ಏರಿರುತ್ತದೆ. ಕರಗುತ್ತ ಹೋದಂತೆ ಒಳಗೆ ಸಿಕ್ಕಿಕೊಂಡಿದ್ದ ಹಳೆಯ ಕೊಳೆಯೂ ಮೇಲೆ ಬಂದು ಸೇರುವುದರಿಂದ ಕೊಳೆ ಇನ್ನಷ್ಟು ದಟ್ಟವಾಗುತ್ತದೆ. ಅಲ್ಲಲ್ಲಿ ನೆಲ ತೋರತೊಡಗಿದ ಮೇಲೆ ಕಪ್ಪು ಮಣ್ಣು ಕಾದು ಅಂಚಿನ ಹಿಮವನ್ನು ಪಕ್ಕದಿಂದ ತಿನ್ನುತ್ತದೆ. ಶುರುವಾಗಲು ತಡವಾದರೂ ಒಮ್ಮೆ ಶುರುವಾದ ಕರಗುವಿಕೆ ತನ್ನ ವೇಗವನ್ನು ತಾನೇ ಹೆಚ್ಚಿಸಿಕೊಳ್ಳುವುದು ಈ ಕಾರಣದಿಂದ.

ನನ್ನ ಚರಂಡಿಯ ಗುಡ್ಡೆಯ ಮೇಲೆ ಎಲೆ ಮುಚ್ಚಿಕೊಂಡದ್ದರಿಂದ ಅದು ಉಳಿಯಿತಲ್ಲ, ಮೇಲಿನ ಮಾತಿಗೆ ಅದು ವಿರುದ್ಧವಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಮುಚ್ಚಿಗೆಯ ದಪ್ಪದಲ್ಲಿ ಉತ್ತರವಿದೆ. ತೆಳುವಾದ ಧೂಳು ಬಿಸಿಲನ್ನು ಹೀರಿ ಅಡಿಯ ಹಿಮಕ್ಕೆ ದಾಟಿಸುತ್ತದೆ, ದಪ್ಪನೆಯ ಎಲೆಯ ಹೊದಿಕೆ ಶಾಖವನ್ನು ತಡೆದು ನಿಲ್ಲಿಸುತ್ತದೆ. ಹಿಮನದಿಗಳ ಕೆಳತುದಿಯಲ್ಲಿ ಕಲ್ಲುಮಣ್ಣು ದಪ್ಪಗೆ ಮುಚ್ಚಿಕೊಂಡಿರುವಲ್ಲಿ ಅಡಿಯ ಗಡ್ಡೆ ನಿಧಾನವಾಗಿ ಕರಗುವುದೂ ಹೀಗೆಯೇ. ಹಿಮವೂ ಸ್ವತಃ ಒಳ್ಳೆಯ ಕಂಬಳಿ. ಒಳಗೆ ಸಿಕ್ಕಿಕೊಂಡ ಗಾಳಿಯಿಂದಾಗಿ ಅದು ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ದಪ್ಪ ಹಿಮದ ಅಡಿಯ ನೆಲ ಸೊನ್ನೆಯ ಆಸುಪಾಸಿನಲ್ಲೇ ಇರಬಲ್ಲದು. ಇನ್ನು ಬೆಟ್ಟದ ಮುಖ: ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಜೂನ್‌ವರೆಗೂ ಇರುವ ಹಿಮ, ಎದುರಿಗೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಏಪ್ರಿಲ್‌ಗೇ ಮಾಯವಾಗುತ್ತದೆ. ಗಾಳಿ ಬೆಟ್ಟದ ನೆತ್ತಿಯಿಂದ ಹಿಮವನ್ನು ಗುಡಿಸಿ ಕೊರಕಲಿಗೆ ತುಂಬುತ್ತದೆ. ಹೀಗಾಗಿ ಒಂದು ಪ್ರದೇಶದ ಹಿಮಹೊದಿಕೆ ಎಂದರೆ ಒಂದೇ ದಪ್ಪದ ಬಿಳಿ ಹಾಸು ಎಂದುಕೊಳ್ಳುವುದು ತಪ್ಪು. ಅದು ಅಲ್ಲಲ್ಲಿ ಮಡಿಕೆಯಾಗಿ, ಅಲ್ಲಲ್ಲಿ ನೂಲು ಕಾಣುವಷ್ಟು ಸವೆದ ಕಂಬಳಿ.

ಬಾಳದೆಯೂ ಕರಗದೆಯೂ ಹೋಗುವ ಹಿಮವೂ ಉಂಟು. ಲಡಾಖಿನಂಥ ಒಣಹವೆಯಲ್ಲಿ, ಬಿಸಿಲು ಮತ್ತು ಗಾಳಿ ಎರಡೂ ಚುರುಕಾಗಿರುವಲ್ಲಿ, ಹಿಮ ನೀರಾಗದೆ ನೇರವಾಗಿ ಆವಿಯಾಗಿಬಿಡುತ್ತದೆ. ಕರ್ಪೂರ ಕರಗದೆ ಗಾಳಿಯಲ್ಲಿ ಸವೆದುಹೋಗುವ ಹಾಗೆ. ಹೀಗೆ ಹೋದದ್ದು ಯಾವ ನದಿಗೂ ಸೇರುವುದಿಲ್ಲ. ಒಂದು ಸಮಾಧಾನವೆಂದರೆ, ಒಂದು ಗ್ರಾಂ ಹಿಮವನ್ನು ಕರಗಿಸಲು 80 ಕ್ಯಾಲರಿ ಶಾಖ ಸಾಕು. ಅದನ್ನೇ ನೇರವಾಗಿ ಆವಿಯಾಗಿಸಲು ಎಂಟು ಪಟ್ಟಿಗೂ ಹೆಚ್ಚು ಬೇಕು.

80 ಕ್ಯಾಲರಿಯೂ ಸಣ್ಣದೇನಲ್ಲ. ಸೊನ್ನೆ ಡಿಗ್ರಿಯ ನೀರನ್ನು ಕೈ ಸುಡುವ 80 ಡಿಗ್ರಿಗೆ ಕಾಯಿಸಲು ಬೇಕಾದ ಶಾಖವದು. ಬಿಸಿಲು ಬಂದ ಕೂಡಲೇ ಹಿಮ ಹೊಳೆಯಾಗಿ ಇಳಿಯದಿರುವುದು ಇದರಿಂದ. ಮೊದಲು ಚಳಿಗಾಲವಿಡೀ ತಣಿದ ಪದರಗಳೆಲ್ಲ ಸೊನ್ನೆಗೆ ಏರಬೇಕು. ಆಮೇಲೆ ಮೇಲೆ ಕರಗಿದ ನೀರು ಕೆಳಗಿಳಿಯುತ್ತ ಕಣಗಳ ನಡುವೆ ಸಿಕ್ಕಿಕೊಳ್ಳುತ್ತದೆ, ರಾತ್ರಿ ಮತ್ತೆ ಗಡ್ಡೆಗಟ್ಟುತ್ತದೆ. ಹೀಗೆ ಎಷ್ಟೋ ದಿನ ನಡೆದು, ಇಡೀ ಹಿಮರಾಶಿ ನೀರುಂಡ ಸ್ಪಂಜಿನಂತಾದ ಮೇಲಷ್ಟೇ ಅಡಿಯಿಂದ ನೀರು ಹೊರಬೀಳುತ್ತದೆ. ಅಲ್ಲಿಂದಾಚೆ ಲೆಕ್ಕ ಸರಳ: ದಿನದ ಸರಾಸರಿ ಉಷ್ಣತೆ ಸೊನ್ನೆಗಿಂತ ಏರುವ ಪ್ರತಿ ಡಿಗ್ರಿಗೆ ದಿನಕ್ಕೆ ಸುಮಾರು 3ರಿಂದ 6 ಮಿಲಿಮೀಟರ್ ನೀರು. ಏಪ್ರಿಲ್‌ನಲ್ಲಿ ಕೆಳಗಿನ ಕಣಿವೆಗಳು, ಮೇ ತಿಂಗಳಲ್ಲಿ ನಡು ಎತ್ತರ, ಜೂನ್‌ನಲ್ಲಿ ಅದಕ್ಕೂ ಮೇಲೆ, ಹೀಗೆ ಹಿಮರೇಖೆ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಒಂದು ಮಟ್ಟ ಬರಿದಾಗುವಾಗ ಮೇಲಿನ ಮಟ್ಟ ನೀರು ಕೊಡತೊಡಗುತ್ತದೆ. ಜುಲೈ ಬಳಿಕ ಹಿಮನದಿಗಳ ಹಳೆಯ ಗಡ್ಡೆಯ ಸರದಿ. ಹಿಮಹೊದಿಕೆ ಮತ್ತು ಹಿಮನದಿಗಳನ್ನು ಒಂದೇ ಎಂದುಕೊಳ್ಳುವವರು ಬಹಳ. ಮೊದಲನೆಯದು ವರ್ಷಾವರ್ಷ ತುಂಬಿ ಬರಿದಾಗುವ ಕಣಜ, ಎರಡನೆಯದು ತಲೆಮಾರುಗಳಿಂದ ಬಂದ ಠೇವಣಿ.

ಈ ನೀರಿನ ಪಾಲು ನದಿಯಿಂದ ನದಿಗೆ ಬೇರೆ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎರಡು ಮೂರು ದಶಕಗಳ ಹಿಂದೆ ಮಾಡಿದ ಅಂದಾಜಿನಂತೆ, ಸಟ್ಲೆಜ್ ನದಿಯ ವಾರ್ಷಿಕ ಹರಿವಿನಲ್ಲಿ ಭಾಕ್ರಾ ಬಳಿ ಸುಮಾರು ಶೇ 59ರಷ್ಟು, ಚೆನಾಬ್‌ನಲ್ಲಿ ಅಖ್ನೂರ್ ಬಳಿ ಶೇ 49ರಷ್ಟು ಹಿಮ ಮತ್ತು ಹಿಮನದಿಗಳಿಂದ ಬಂದದ್ದು. ಐಸಿಮೋಡ್ ಪ್ರಕಾರ ಹಿಂದೂಕುಶ್ ಹಿಮಾಲಯದ ಹನ್ನೆರಡು ದೊಡ್ಡ ನದಿಕೊಳ್ಳಗಳನ್ನು ಒಟ್ಟಾಗಿ ತೆಗೆದುಕೊಂಡರೆ ವಾರ್ಷಿಕ ಹರಿವಿನಲ್ಲಿ ಹಿಮ ಕರಗಿದ ನೀರಿನ ಪಾಲು ಸುಮಾರು ಶೇ 23. ಗಂಗೆಯ ಬಯಲಿಗೆ ಬಂದರೆ ಆ ಪಾಲು ಇನ್ನೂ ಕಿರಿದು, ಏಕೆಂದರೆ ಗಂಗೆಯನ್ನು ಮುಖ್ಯವಾಗಿ ತುಂಬುವುದು ಕಾವೇರಿಯನ್ನು ತುಂಬುವ ಮುಂಗಾರೇ. ಶಾಲೆಯ ಆ ವಾಕ್ಯ ಸಿಂಧೂ ಕೊಳ್ಳಕ್ಕೆ ಬಹುಪಾಲು ಒಪ್ಪುತ್ತದೆ, ಗಂಗೆಗೆ ಅರ್ಧವೂ ಒಪ್ಪುವುದಿಲ್ಲ. ಆದರೆ ವಾರ್ಷಿಕ ಪಾಲು ಹೇಳದ ಒಂದು ಸಂಗತಿಯಿದೆ: ಈ ನೀರು ಬರುವುದು ಏಪ್ರಿಲ್‌ನಿಂದ ಜೂನ್‌ವರೆಗೆ, ಮುಂಗಾರು ಇನ್ನೂ ಕೇರಳದ ಬಾಗಿಲಲ್ಲಿರುವಾಗ. ಭಾಕ್ರಾ ಜಲಾಶಯ ಮಳೆಗೆ ಮೊದಲೇ ಏರತೊಡಗುವುದು ಆ ನೀರಿನಿಂದ. ಕಾವೇರಿಯಲ್ಲಿ ಯಾವ ತಿಂಗಳು ಬಿಳಿಗುಂಡ್ಲುವಿಗೆ ಎಷ್ಟು ಟಿಎಂಸಿ ಅಡಿ ಹರಿಯಬೇಕೆಂಬ ವೇಳಾಪಟ್ಟಿಯನ್ನು ನ್ಯಾಯಮಂಡಳಿ ಬರೆದುಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ವರ್ಷದ ಮೊತ್ತವನ್ನು 177.25 ಟಿಎಂಸಿ ಅಡಿಗೆ ತಿದ್ದಿತು. ಸಿಂಧೂ ಕೊಳ್ಳದಲ್ಲಿ ಅಂಥ ತಿಂಗಳವಾರು ಪಟ್ಟಿಯನ್ನು ಅನಾದಿಯಿಂದ ನಡೆಸಿಕೊಂಡು ಬಂದದ್ದು ಹಿಮ. 1960ರ ಸಿಂಧೂ ಜಲ ಒಪ್ಪಂದವನ್ನು ಭಾರತ 2025ರ ಏಪ್ರಿಲ್‌ನಲ್ಲಿ ಅಮಾನತಿನಲ್ಲಿಟ್ಟ ಮೇಲೆ ನಡೆದಿರುವ ಚರ್ಚೆಗಳಲ್ಲಿ ಅಣೆಕಟ್ಟು, ಕಾಲುವೆಗಳ ಮಾತು ಬೇಕಾದಷ್ಟು ಬಂದಿದೆ. ಮೇಲೆ ಇರುವ ಈ ಲೆಕ್ಕಿಗನೇ ಹೊತ್ತು ಬದಲಿಸುತ್ತಿದ್ದಾನೆ ಎಂಬುದು ಅಷ್ಟಾಗಿ ಬಂದಿಲ್ಲ.

ಇಷ್ಟು ದೊಡ್ಡ ಪ್ರದೇಶದ ಹಿಮವನ್ನು ಅಳೆಯುವವರು ಯಾರು? ಮುಖ್ಯವಾಗಿ ಉಪಗ್ರಹಗಳು. ನಾಸಾದ ಟೆರ್ರಾ 1999ರ ಡಿಸೆಂಬರ್‌ನಲ್ಲಿ, ಅಕ್ವಾ 2002ರಲ್ಲಿ ಹಾರಿದವು. ಎರಡರಲ್ಲೂ ಇರುವ ಮೋಡಿಸ್ ಎಂಬ ಉಪಕರಣ ಭೂಮಿಯನ್ನು 500 ಮೀಟರ್ ಚೌಕಗಳಾಗಿ ವಿಂಗಡಿಸಿ ಎಲ್ಲಿ ಹಿಮವಿದೆ ಎಂದು ದಿನಾ ಹೇಳುತ್ತದೆ. ಹಿಮ ಮತ್ತು ಮೋಡ ಎರಡೂ ಕಣ್ಣಿಗೆ ಬೆಳ್ಳಗೆ. ಆದರೆ ಕಣ್ಣಿಗೆ ಕಾಣದ ಒಂದು ಬಗೆಯ ಅವಕೆಂಪು ಬೆಳಕಿನಲ್ಲಿ ಮೋಡ ಹೊಳೆಯುತ್ತದೆ, ಹಿಮ ಕಪ್ಪಾಗಿ ಕಾಣುತ್ತದೆ. ಈ ವ್ಯತ್ಯಾಸದಿಂದ ಎರಡನ್ನೂ ಬೇರ್ಪಡಿಸುತ್ತಾರೆ. ಉಪಾಯ ಜಾಣತನದ್ದು, ಅದಕ್ಕೆ ಮಿತಿಗಳೂ ಇವೆ. ಮೋಡದ ಅಡಿಯಲ್ಲೇನಿದೆ ಎಂದು ಅದಕ್ಕೆ ತಿಳಿಯದು, ದಟ್ಟ ದೇವದಾರು ಕಾಡಿನ ಕೆಳಗಿನ ಹಿಮ ಕಾಣದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ನೋಡುವುದು ಮೇಲ್ಮೈಯನ್ನು. ಗೇಣುದ್ದದ ಹಿಮವೂ ಆಳುದ್ದದ ಹಿಮವೂ ಅದಕ್ಕೆ ಒಂದೇ ಬಿಳಿ ಚೌಕ. ಒಳಗೆ ಎಷ್ಟು ನೀರಿದೆ ಎಂದು ತಿಳಿಯಲು ಇಂದಿಗೂ ನಂಬಿಕೆಗೆ ಅರ್ಹವಾದ ವಿಧಾನ, ಒಬ್ಬ ಮನುಷ್ಯ ಹೋಗಿ ಟೊಳ್ಳು ಕೊಳವೆಯನ್ನು ಹಿಮದೊಳಗೆ ಕೊನೆಯವರೆಗೆ ಒತ್ತಿ, ಎತ್ತಿ, ತೂಗುವುದು. ಹಿಮಾಲಯದ ಎತ್ತರದಲ್ಲಿ ಅಂಥ ತೂಕದ ಜಾಗಗಳು ಬಹಳ ವಿರಳ. ಆದ್ದರಿಂದ ‘23 ವರ್ಷಗಳಲ್ಲೇ ಕಡಿಮೆ’ ಎಂಬ ಮಾತನ್ನು ಓದುವಾಗ, ದಾಖಲೆಯ ಉದ್ದವೇ 23 ವರ್ಷ ಎಂಬುದನ್ನೂ, ಅದು ಹೊದಿಕೆಯ ಅವಧಿಯ ಮಾತೇ ಹೊರತು ನೀರಿನ ತೂಕದ ಮಾತಲ್ಲ ಎಂಬುದನ್ನೂ ನೆನಪಿಡಬೇಕು. ಇಷ್ಟೆಲ್ಲ ಎಚ್ಚರದ ಬಳಿಕವೂ ಸತತ ಮೂರು ವರ್ಷದ ಕೊರತೆ ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಪುರಾವೆಗಳನ್ನು ಓದುವುದರಲ್ಲಿ ಎಡವುವುದು ಎಷ್ಟು ಸುಲಭ ಎಂಬುದಕ್ಕೆ ಕೊಡಗಿಗೆ ಹತ್ತಿರದ ಉದಾಹರಣೆ ಜೊಜಿಲಾ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯ, ಮೂರೂವರೆ ಸಾವಿರ ಮೀಟರ್ ಎತ್ತರದ ಈ ಕಣಿವೆಮಾರ್ಗದಲ್ಲಿ 1948ರ ನವೆಂಬರ್ 1ರಂದು, ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರ ನೇತೃತ್ವದಲ್ಲಿ ಟ್ಯಾಂಕುಗಳು ನುಗ್ಗಿದವು. ಆ ಎತ್ತರಕ್ಕೆ ಟ್ಯಾಂಕು ಬರುತ್ತದೆಂದು ಎದುರಾಳಿ ಪಾಕಿಸ್ತಾನದ ಕಡೆಯವರು ಎಣಿಸಿರಲಿಲ್ಲ. ಆ ದಾಳಿಯ ಹಿಂದಿನ ಒತ್ತಡ ಪಂಚಾಂಗದ್ದೂ ಹೌದು: ಚಳಿಗಾಲದ ಹಿಮ ದಾರಿಯನ್ನು ಪೂರ್ತಿ ಮುಚ್ಚಿಬಿಟ್ಟರೆ ಲೇಹ್ ವಸಂತದವರೆಗೆ ಒಂಟಿಯಾಗುತ್ತಿತ್ತು. ಆ ಮಾರ್ಗ ವರ್ಷಕ್ಕೆ ಐದಾರು ತಿಂಗಳು ಮುಚ್ಚಿರುವುದು ಈಚಿನವರೆಗೂ ವಾಡಿಕೆ. ಗಡಿ ರಸ್ತೆಗಳ ಸಂಸ್ಥೆ 2023ರಲ್ಲಿ ಅದನ್ನು 68 ದಿನಗಳಲ್ಲಿ, 2025ರಲ್ಲಿ ಕೇವಲ 32 ದಿನಗಳಲ್ಲಿ ಮತ್ತೆ ತೆರೆಯಿತು. ನೋಡಿ, ಹಿಮ ಇಷ್ಟು ಕಡಿಮೆಯಾಗಿದೆ ಎಂದು ಇದನ್ನು ಎತ್ತಿ ತೋರಿಸುವವರಿದ್ದಾರೆ. ಹಿಮ ಕಡಿಯುವ ಯಂತ್ರಗಳು ಎಷ್ಟು ಹೆಚ್ಚಿವೆ, ದಾರಿ ತೆರೆದಿಡಬೇಕೆಂಬ ಸೇನೆಯ ಅಗತ್ಯ ಎಷ್ಟು ಬೆಳೆದಿದೆ ಎಂಬುದನ್ನು ಕಳೆಯದೆ ಈ ಅಂಕಿಯಿಂದ ಹಿಮದ ಬಗ್ಗೆ ಏನನ್ನೂ ಹೇಳಲಾಗದು. ಮಡಿಕೇರಿಯ ಸನ್ನಿಸೈಡ್ ಮನೆಯಲ್ಲಿ ಈಗ ತಿಮ್ಮಯ್ಯನವರ ಸಂಗ್ರಹಾಲಯವಿದೆ. ಅಲ್ಲಿಗೆ ಹೋಗುವವರು ಆ ದಾಳಿಯನ್ನು ಶೌರ್ಯದ ಕಥೆಯಾಗಿ ಕೇಳುತ್ತಾರೆ. ಹಿಮದ ದಿನಾಂಕಗಳನ್ನು ಚೆನ್ನಾಗಿ ಬಲ್ಲ ಸೇನಾಪತಿಯ ಲೆಕ್ಕಾಚಾರವಾಗಿಯೂ ಅದನ್ನು ಕೇಳಬಹುದು.

ಕೊರತೆಗೆ ಕಾರಣ ಒಂದೇ ಅಲ್ಲ. ಕೆಲವು ವರ್ಷ ಪಶ್ಚಿಮದ ಕ್ಷೋಭೆಗಳೇ ಚಳಿಗಾಲದ ನಡುವಿನಲ್ಲಿ ಸೊರಗುತ್ತವೆ. ಈಚಿನ ಅಧ್ಯಯನಗಳು ಈ ಕ್ಷೋಭೆಗಳ ಕಾಲ ಬೇಸಿಗೆಯ ಕಡೆಗೆ ಹಿಗ್ಗುತ್ತಿರುವುದನ್ನು ತೋರಿಸಿವೆ. ಏಪ್ರಿಲ್, ಮೇ ತಿಂಗಳಲ್ಲಿ ಬಂದ ಕ್ಷೋಭೆ ಕಾದ ನೆಲಕ್ಕೆ ಹಿಮ ಸುರಿಸಿದರೂ ಅದು ನಿಲ್ಲುವುದಿಲ್ಲ, ಕೆಳಗಿನ ಎತ್ತರಗಳಲ್ಲಿ ಮಳೆಯಾಗಿಯೇ ಬೀಳುತ್ತದೆ. ಹಳೆಯ ಹಿಮದ ಮೇಲೆ ಬಿದ್ದ ಮಳೆ ಅದನ್ನೂ ಎಳೆದುಕೊಂಡು ಹೋಗುತ್ತದೆ. ಲಡಾಖಿನ ರೈತ ಬಿತ್ತುವುದು ಏಪ್ರಿಲ್–ಮೇ ತಿಂಗಳಲ್ಲಿ, ಹಿಮನದಿಯ ನೀರು ಇಳಿಯುವುದು ಜೂನ್‌ನಲ್ಲಿ. ನಡುವಿನ ಆ ಅಂತರವನ್ನು ತುಂಬುತ್ತಿದ್ದದ್ದು ಕೆಳಗಿನ ಇಳಿಜಾರುಗಳ ಹಿಮ. ಅದು ಕೈಕೊಟ್ಟಲ್ಲಿ ಚೆವಾಂಗ್ ನೋರ್ಫೆಲ್ ಎಂಬ ಎಂಜಿನಿಯರ್ 1980ರ ದಶಕದ ಕೊನೆಯಿಂದ ಚಳಿಗಾಲದ ತೊರೆನೀರನ್ನು ಊರ ಮೇಲಿನ ನೆರಳಿನ ಜಾಗಗಳಿಗೆ ತಿರುಗಿಸಿ ಪದರಪದರವಾಗಿ ಹೆಪ್ಪುಗಟ್ಟಿಸುವ ಕೃತಕ ಹಿಮನದಿಗಳನ್ನು ಕಟ್ಟಿಸಿದರು. ಸೋನಮ್ ವಾಂಗ್ಚುಕ್ 2013ರ ಬಳಿಕ ಅದನ್ನೇ ಗೋಪುರವಾಗಿ ನಿಲ್ಲಿಸಿದರು. ಗೋಪುರಾಕಾರಕ್ಕೆ ಬಿಸಿಲು ತಾಗುವ ಮೈ ಕಡಿಮೆ, ಆದ್ದರಿಂದ ಬಾಳಿಕೆ ಹೆಚ್ಚು. ಇಬ್ಬರೂ ನೀರನ್ನು ಹೆಚ್ಚಿಸಲಿಲ್ಲ, ಹರಿದುಹೋಗುವ ಜನವರಿಯ ನೀರನ್ನು ಮೇ ತಿಂಗಳಿಗೆ ಸಾಗಿಸಿದರು. ನನ್ನ ಚರಂಡಿಯಲ್ಲಿ ತಾನಾಗಿ ಆದದ್ದನ್ನು ಅವರು ಬೇಕೆಂದೇ ಮಾಡಿದರು.

ಕಾವೇರಿಯ ಮೇಲ್ಕೊಳ್ಳದಲ್ಲಿ ಈ ತಡವನ್ನು ಕೊಡುವ ಕೆಲಸ ಮಣ್ಣಿನದು. ಬ್ರಹ್ಮಗಿರಿಯ ಶೋಲಾ ಕಾಡು, ದೇವರಕಾಡುಗಳ ಅಡಿಯ ಕಪ್ಪು ಮಣ್ಣು, ಬಾಣೆಯ, ಅಂದರೆ ಗದ್ದೆಗೆ ಹೊಂದಿದ ಎತ್ತರದ ಜಮೀನಿನ, ಮರಗಳ ಬೇರು, ಕೆಳಗೆ ಕಣಿವೆಯುದ್ದಕ್ಕೂ ಹರಡಿದ ಭತ್ತದ ಗದ್ದೆಗಳು ಕಕ್ಕಡದ ನೀರನ್ನು ಹೀರಿಟ್ಟುಕೊಂಡು ನವೆಂಬರ್–ಡಿಸೆಂಬರ್‌ನ ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೂ ತೋಡುಗಳಿಗೆ ಬಿಡುತ್ತವೆ. ಹಿಮದ ಕಣಜ ಉಪಗ್ರಹಕ್ಕೆ ಕಾಣುತ್ತದೆ, ಈ ಕಣಜ ಕಾಣುವುದಿಲ್ಲ. ಹಾಗಾಗಿ ಗದ್ದೆ ಪಾಳುಬಿದ್ದಾಗ, ಮಣ್ಣು ತುಂಬಿ ನಿವೇಶನವಾದಾಗ ಎಷ್ಟು ತಿಂಗಳ ತಡ ಕಳೆದುಹೋಯಿತೆಂದು ಯಾವ ವರದಿಯೂ ಹೇಳುವುದಿಲ್ಲ. ಎರಡಕ್ಕೂ ತುಂಬಿ ತುಳುಕುವ ಮಿತಿಯೊಂದಿದೆ. ಏಪ್ರಿಲ್‌ನ ಬಿಸಿಲಿಗೆ ಒದ್ದೆಯಾದ ಹಿಮದ ಪದರದೊಳಗೆ ನೀರಿಳಿದು, ಅಡಿಯ ಹಿಡಿತ ಸಡಿಲಿ, ಇಡೀ ಇಳಿಜಾರು ಜಾರುವ ಬಗೆಗೂ, 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ನೀರುಂಡು ಸಡಿಲಗೊಂಡು ಮನೆ, ತೋಟ, ರಸ್ತೆಗಳ ಸಮೇತ ಇಳಿದ ಬಗೆಗೂ ಯಾಂತ್ರಿಕವಾಗಿ ಬಹಳ ದೂರವಿಲ್ಲ. ದೊಡ್ಡ ವ್ಯತ್ಯಾಸವೊಂದಿದೆ: ಜಾರಿದ ಹಿಮ ಮುಂದಿನ ಚಳಿಗಾಲಕ್ಕೆ ಮತ್ತೆ ಕೂಡಿಕೊಳ್ಳುತ್ತದೆ. ಜಾರಿದ ಮಣ್ಣು ಮತ್ತೆ ಕಟ್ಟಿಕೊಳ್ಳಲು ನೂರಾರು ವರ್ಷ ಬೇಕು.

ಹೊತ್ತಿನ ಬೆಲೆ ಏನೆಂದು ರೊಬಸ್ಟಾ ಬೆಳೆಯುವವರಿಗೆ ಯಾರೂ ವಿವರಿಸಬೇಕಿಲ್ಲ. ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಒಂದು ಇಂಚು ಹೂಮಳೆ ಬಂದರೆ ಎಂಟು ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಅದೇ ಇಂಚು ಕಕ್ಕಡದಲ್ಲಿ ಬಿದ್ದರೆ ಪುಸ್ತಕದಲ್ಲಿ ಬರೆಯುವುದಕ್ಕೂ ಬೇಸರ. ಮಳೆ ಬಾರದಿದ್ದರೆ ಕೆರೆಯಿಂದ, ಹೊಳೆಯಿಂದ ಪಂಪು ಹಚ್ಚಿ ಸ್ಪ್ರಿಂಕ್ಲರ್ ಬಿಡುತ್ತಾರೆ. ಆಗ ಖರ್ಚಾಗುವುದು ಹಿಂದಿನ ಆಗಸ್ಟ್‌ನ ನೀರು. ಅದೇ ವಾರಗಳಲ್ಲಿ ಉತ್ತರದಲ್ಲಿ ಹಿಮಹೊದಿಕೆ ತನ್ನ ಅತಿ ಹೆಚ್ಚಿನ ಹರವನ್ನು ಮುಟ್ಟಿ ನಿಂತಿರುತ್ತದೆ. ಅಲ್ಲಿಂದ ಬರುವ ಸುದ್ದಿಯನ್ನು ಓದಲು ಅನುಕೂಲವಾದ ಹೊತ್ತೂ ಅದೇ. ಫೆಬ್ರುವರಿಯ ಕೊನೆಗೆ ಬಿಳುಪು ಎಷ್ಟು ಕೆಳಗಿನವರೆಗೆ ಇಳಿದಿದೆ, ಏಪ್ರಿಲ್‌ನಲ್ಲಿ ಹಿಮರೇಖೆ ಎಷ್ಟು ಬೇಗ ಮೇಲೇರುತ್ತಿದೆ, ಮೇ ತಿಂಗಳಲ್ಲಿ ಭಾಕ್ರಾಕ್ಕೆ ಒಳಹರಿವು ಎಷ್ಟಿದೆ ಎಂಬ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ವರ್ಷದ ಹಿಮದ ಬಗ್ಗೆ ಯಾವ ಒಂದು ಶೇಕಡಾವಾರು ಅಂಕಿಗಿಂತಲೂ ಹೆಚ್ಚು ತಿಳಿಯುತ್ತದೆ. ಹಿಮರೇಖೆ ಬೇಗ ಏರಿ, ಏಪ್ರಿಲ್‌ನಲ್ಲೇ ಒಳಹರಿವು ಉಬ್ಬಿ, ಜೂನ್‌ನಲ್ಲಿ ಕುಗ್ಗಿದರೆ, ಹಿಮ ಬಿದ್ದಿತ್ತು ಆದರೆ ನಿಲ್ಲಲಿಲ್ಲ ಎಂದು ಅರ್ಥ. ಮೂರೂ ತಿಂಗಳು ಸಪ್ಪೆಯಾಗಿದ್ದರೆ, ಅದು ಡಿಸೆಂಬರ್‌ನಲ್ಲೇ ಬಿದ್ದಿರಲಿಲ್ಲ.